ಸೇಡಂನಲ್ಲಿ ಹೊದಿಸಿದ ಶಾಲು

ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಕಲ್ಲು ಕೊಯ್ಯುವವನಿದ್ದ. ಅವನಿಗೆ ಮನೆಯಲ್ಲೇ ಆಮ್ಲಜನಕ ಕೊಡಬೇಕೆಂದು ಕಲಬುರಗಿಯ ಡಾಕ್ಟರು ಬರೆದ ಚೀಟಿಯನ್ನು ಅವನ ಹೆಂಡತಿ ಮೊದಲು ತಂದು ತೋರಿಸಿದ್ದು ನನಗೆ. ನಾನು ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಶಹಾಬಾದಿನ ನಮ್ಮ ಭಾಗದಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಸಕ್ಕರೆ ಏರಿದರೂ ಚೀಟಿ ನನ್ನ ಬಾಗಿಲಿಗೆ ಬರುತ್ತದೆ. ನಾನು ಕೆಲಸ ಕಲಿತ ಹಾಸ್ಟೆಲ್ಲಿನಲ್ಲಿ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು. ಚಾದರದ ಮೂಲೆ ಸರಿಯಾಗಿ ಮಡಿಸಿಲ್ಲವೆಂದರೆ ಇಡೀ ಹಾಸಿಗೆ ಕಿತ್ತು ಮತ್ತೆ ಹಾಸಬೇಕು. ಅಭ್ಯಾಸ ಹೋಗಿಲ್ಲ. ಬೆಳಿಗ್ಗೆ ಚಹಾ ಆದಮೇಲೆ ಕೆಲವು ಮನೆ ಸುತ್ತುತ್ತೇನೆ. ಬಿ.ಪಿ. ನೋಡುತ್ತೇನೆ, ಗುಳಿಗೆ ನುಂಗಿದರೋ ಇಲ್ಲವೋ ಕೇಳುತ್ತೇನೆ, ಸುಳ್ಳು ಹೇಳಿದವರಿಗೆ ಬೈಯುತ್ತೇನೆ.

ಆ ಕಲ್ಲಿನವನ ಮನೆ ನನ್ನ ಸುತ್ತಿನಲ್ಲಿ ಕಡೆಯದು. ಐವತ್ತು ದಾಟದ ಗಂಡಸು. ಮಂಚದ ಅಂಚಿನಲ್ಲಿ ಕುಳಿತು, ಮೊಣಕೈ ತೊಡೆಗೆ ಊರಿ ಮುಂದಕ್ಕೆ ಬಾಗಿರುತ್ತಿದ್ದ. ಮಲಗಿದರೆ ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಹುಡುಗನಾಗಿದ್ದಾಗಿನಿಂದ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೊಯ್ದವನು. ಗರಗಸಕ್ಕೆ ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ಏಳುವುದಿಲ್ಲ. ಅವನು ದುಡಿದ ಕಡೆ ನೀರು ಉಳಿಸಬೇಕೆಂದು ವರ್ಷದಲ್ಲಿ ಬಹುಪಾಲು ಒಣಗಲ್ಲನ್ನೇ ಕೊಯ್ಯಿಸಿದ್ದರು. ಆ ಧೂಳು ಅವನ ಎದೆಯಲ್ಲಿ ಕುಳಿತಿತ್ತು. ಅದನ್ನು ತೆಗೆಯುವ ಔಷಧ ಯಾವ ದವಾಖಾನೆಯಲ್ಲೂ ಇಲ್ಲ.

ನಾನು ಅವನ ಬೆರಳಿಗೆ ಸಣ್ಣ ಯಂತ್ರ ಸಿಗಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ನೋಡುತ್ತಿದ್ದೆ.

"ಏನಾತ್ರಿ ಸಿಸ್ಟರಮ್ಮ? ಪಾಸೋ ಫೇಲೋ?" ಎನ್ನುತ್ತಿದ್ದ.

"ಎಂಬತ್ತಾರು. ತೊಂಬತ್ತರ ಮ್ಯಾಲ ಬರಬೇಕು."

"ಅಯ್ಯ, ಸಾಲ್ಯಾಗ ಮೂವತ್ತೈದಕ್ಕ ಪಾಸ್ ಮಾಡ್ತಿದ್ರು. ನಿಮ್ಮದು ಭಾಳ ಖಡಕ್ ಆತು."

ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಇರುತ್ತಿದ್ದಳು. ವಾಡಿ ಸ್ಟೇಷನ್ನಿನ ಹತ್ತಿರದ ಖಾನಾವಳಿಗಳಿಗೆ ದಿನಾ ರೊಟ್ಟಿ ಕಳಿಸುವವಳು. ಗಂಡನ ಜೋಕಿಗೆ ಅವಳು ನಕ್ಕಿದ್ದನ್ನು ನಾನು ನೋಡಿಲ್ಲ. "ಪಾಸ್ ಆಗಾಂವ ಆಗಿದ್ರ ಸಾಲಿ ಬಿಟ್ಟು ಕಲ್ಲಿಗಿ ಯಾಕ ಹೋಗ್ತಿದ್ದಿ?" ಎಂದು ತಟ್ಟೆಂದು ಹೇಳಿ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಳ್ಳುತ್ತಿದ್ದಳು.

ಅವನೂ, ಪಕ್ಕದ ಓಣಿಯ ಅವನ ಜೊತೆಗಾರನೂ ಸೇರಿ ಕಾರ್ಮಿಕ ಇಲಾಖೆಗೆ ಒಂದು ಅರ್ಜಿ ಕೊಟ್ಟಿದ್ದರು. ಇಬ್ಬರೂ ಒಂದೇ ಮಾಲಕನ ಹತ್ತಿರ ದುಡಿದವರು. ಜೊತೆಗಾರನಿಗೂ ಕೆಮ್ಮು ಹಿಡಿದಿತ್ತು, ಆದರೆ ಅವನಿನ್ನೂ ನಡೆದಾಡುತ್ತಿದ್ದ. ನಮ್ಮ ಎದೆ ಮಾಲಕನ ಕೆಲಸದ ಧೂಳಿನಿಂದ ಕೆಟ್ಟಿದೆ, ಔಷಧದ ಖರ್ಚೂ ಪರಿಹಾರವೂ ಕೊಡಬೇಕು, ಈಗ ದುಡಿಯುವವರ ಗರಗಸಕ್ಕೆ ನೀರಿನ ಪೈಪು ಹಾಕಿಸಬೇಕು. ಇಷ್ಟೇ ಅರ್ಜಿ. ಡಾಕ್ಟರ ಸರ್ಟಿಫಿಕೇಟು ಇತ್ತು. ಅಧಿಕಾರಿ ಒಮ್ಮೆ ಬಂದು ಜಾಗ ನೋಡಿ ಹೋಗಿದ್ದರು. ಮಾಲಕನಿಗೂ ನೋಟಿಸು ಹೋಗಿತ್ತು. ಅಷ್ಟು ದೂರ ಬಂದ ಅರ್ಜಿ ನಮ್ಮ ಕಡೆ ಅಪರೂಪ. ಅದಕ್ಕೇ ಆ ಎರಡು ಮನೆಯವರೂ ಅದರ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತಿದ್ದರು. ತುಂಬಿದ ಕೊಡ ಹೊತ್ತವರು ಮೆಲ್ಲಗೆ ನಡೆಯುವ ಹಾಗೆ.

ಆದರೆ ಅರ್ಜಿ ನಡೆಯುವ ನಡಿಗೆ ಬೇರೆ, ಎಂಬತ್ತಾರು ಎಂಬತ್ತೆರಡಾಗುವ ನಡಿಗೆ ಬೇರೆ.

ಈ ನಡುವೆ ಒಂದು ಬೆಳಿಗ್ಗೆ ನಮ್ಮ ಮನೆಗೆ ಒಬ್ಬರು ಬಂದರು. ನಮ್ಮ ಭಾಗದ ದೊಡ್ಡ ರಾಜಕಾರಣಿಯೊಬ್ಬರನ್ನು ಜನ ಸಾಹೇಬರು ಎನ್ನುತ್ತಾರೆ. ಸಾಹೇಬರ ಹೆಸರಿನಲ್ಲಿ ಒಂದು ಪ್ರತಿಷ್ಠಾನ. ಬಂದವರು ಅದರ ಮ್ಯಾನೇಜರು, ಚಿತ್ತಾಪುರದವರು. ಮಾತಿನಲ್ಲಿ ಬೆಣ್ಣೆ. ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದರು:

"ಸಾಹೇಬ್ರು ಕಳಿಸ್ಯಾರ್ರಿ ಸಿಸ್ಟರಮ್ಮ. ಸೇಡಂದಾಗ ದೊಡ್ಡ ಕಾರ್ಯಕ್ರಮ ಇಟ್ಟೀವಿ. ಎದಿ ರೋಗದವ್ರಿಗಿ ಹವಾ ಮಷೀನ್ ಕೊಡ್ತೀವಿ. ನಿಮ್ಮ ಕಡಿ ಯಾರರ ಅದಾರೇನು?"

ಆಮ್ಲಜನಕ ತಯಾರಿಸುವ ಯಂತ್ರವನ್ನು ನಮ್ಮಲ್ಲಿ ಹವಾ ಮಷೀನು ಅನ್ನುತ್ತಾರೆ. ಕರೆಂಟಿಗೆ ಹಚ್ಚಿದರೆ ಕೋಣೆಯ ಗಾಳಿಯನ್ನೇ ಎಳೆದುಕೊಂಡು ಸೋಸಿ ಮೂಗಿಗೆ ಕೊಡುತ್ತದೆ.

"ಅದಾರ," ಎಂದೆ. "ಅದಕ್ಕ ಕಾರ್ಯಕ್ರಮ ಯಾಕ? ಮಷೀನ್ ಮನಿಗಿ ತಂದು ಇಳಸ್ರಿ. ಚಹಾ ಕುಡಸ್ತೀನಿ."

ಅವರು ನಕ್ಕರು. "ಮನಿಗಿ ತಂದು ಇಳಿಸಿದ್ರ ಯಾರು ನೋಡ್ತಾರ್ರಿ? ದಾನಿಗಳು ನೋಡಬೇಕು. ಕಣ್ಣಾರೆ ನೋಡಿದಾಗ ಕೈ ಬಿಚ್ತಾರ. ಇನ್ನೊಂದು ಮಾತು. ನೀವು ನಿಮ್ಮ ಬಿಳಿ ಡ್ರೆಸ್ ಹಾಕ್ಕೊಂಡು ಬರ್ರಿ. ಸ್ಟೇಜ್ ಮ್ಯಾಲ ಛಂದ ಕಾಣ್ತದ."

"ಡ್ರೆಸ್ ಸರ್ಕಾರದ್ದಿತ್ತು, ಅಲ್ಲೇ ಬಿಟ್ಟು ಬಂದೀನಿ. ಸೀರಿ ಉಟ್ಕೊಂಡು ಬರ್ತೀನಿ. ಪೇಷಂಟ್ ಜೋಡಿ ಕುಂದ್ರತೀನಿ, ಸ್ಟೇಜಿಗಲ್ಲ."

ನಾಲ್ಕೈದು ದಿನದ ಮೇಲೆ ವಾಡಿಗೆ ಹೋದಾಗ ಸ್ಟೇಷನ್ನಿನ ಎದುರು ಫ್ಲೆಕ್ಸ್ ಕಂಡೆ. ನಡುವೆ ಆಳೆತ್ತರದ ಸಾಹೇಬರು ಕೈಮುಗಿದಿದ್ದರು. ಸುತ್ತ ದುಂಡಗಿನ ಚೌಕಟ್ಟಿನಲ್ಲಿ ದಾನಿಗಳ ಮುಖ. ಎಲ್ಲರಿಗಿಂತ ದೊಡ್ಡ ಮುಖದ ಕೆಳಗೆ 'ಮಹಾದಾನಿಗಳು' ಎಂದು ಬರೆದಿತ್ತು. ಆ ಮುಖ ನನಗೆ ಗೊತ್ತಿತ್ತು. ಅರ್ಜಿಯಲ್ಲಿ ಇದ್ದ ಮಾಲಕನದೇ.

ಅಲ್ಲಿಂದ ನೇರ ಅವನ ಮನೆಗೆ ಹೋದೆ. ಗಂಡಹೆಂಡತಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, "ಎದಿ ಅವ ತಗೊಂಡ, ಹವಾ ಅವನೇ ಕೊಡಾಕತ್ಯಾನ. ವ್ಯಾಪಾರ ಸಮಾ ಆತಲ್ರಿ," ಎಂದು ನಕ್ಕ. ನಗು ಕೆಮ್ಮಾಯಿತು.

"ಇದು ನಗೋ ಮಾತಲ್ಲ," ಎಂದೆ ನಾನು. "ಅರ್ಜಿ ಇರೋವಾಗ ಅವನ ಕೈಲಿಂದ ದಾನ ತಗೊಂಡ್ರ ಜನ ಏನಂತಾರ?"

ಹೆಂಡತಿ ಹಿಟ್ಟಿನ ಕೈ ಒರೆಸಿಕೊಂಡು ಎದ್ದು ಬಂದಳು. "ಸಿಸ್ಟರಮ್ಮ, ಅರ್ಜಿ ಗೆದ್ರ ಏನು ಬರ್ತದ? ಪರಿಹಾರ. ಯಾವಾಗ ಬರ್ತದ? ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಷೀನ್ ಬರೋ ತಿಂಗಳು ಬರ್ತದ. ಇವ ಅಲ್ಲೀತನ ಬದುಕಿದ್ರ ಅಲ್ಲೇನು ಪರಿಹಾರ? ಆ ಮಾಲಕ ಇಷ್ಟು ವರ್ಷ ಹೊಟ್ಟಿಗಿ ನೆಟ್ಟಗ ಹಾಕ್ಲಿಲ್ಲ. ಮೂಗಿಗರ ಹಾಕ್ಲಿ."

ರಾತ್ರಿ ಅವನು ಮೀನಿನ ಹಾಗೆ ಬಾಯಿ ತೆರೆಯುವುದನ್ನು ನೋಡುತ್ತಿದ್ದವಳು ಅವಳು.

ಒಂದೇ ಒಂದು ವಿಷಯದಲ್ಲಿ ಅವಳಿಗೂ ಭಯವಿತ್ತು. ನಮ್ಮ ಕಡೆ ಜಗಳ ಮುಗಿಸುವ ಪದ್ಧತಿ ಹೀಗಿದೆ: ಓಣಿಯ ಹಿರಿಯರು ಎರಡೂ ಕಡೆಯವರನ್ನು ಕೂಡಿಸಿ ಮಾತಾಡುತ್ತಾರೆ. ಮಾತು ಒಂದು ಹದಕ್ಕೆ ಬಂದ ಮೇಲೆ, ದೂರು ಕೊಟ್ಟವನು ಎದ್ದು ಎದುರಿನವನ ಹೆಗಲಿಗೆ ಎಲ್ಲರ ಮುಂದೆ ಶಾಲು ಹೊದಿಸಬೇಕು. ಹೊದಿಸಿದರೆ ರಾಜಿ ಆಯಿತೆಂದು ಅರ್ಥ. ಹೊಲದ ಬದುವಿನ ಜಗಳವಿರಲಿ, ಮುರಿದ ಮದುವೆಯ ಮಾತಿರಲಿ, ಶಾಲು ಹೊದಿಸಿದವನು ಆಮೇಲೆ ಆ ಮಾತು ಎತ್ತುವ ಹಾಗಿಲ್ಲ. ಎತ್ತಿದರೆ ಅವನ ಪರವಾಗಿ ಯಾರೂ ನಿಲ್ಲುವುದಿಲ್ಲ. ಕಾಗದಕ್ಕಿಂತ ಆ ಶಾಲಿಗೆ ಬೆಲೆ.

"ಕೊಟ್ಟಿದ್ದು ತಗೋತಾನ," ಎಂದಳು ಅವಳು. "ಆದರ ಇವನ ಕೈಲಿ ಮಾಲಕಗ ಶಾಲು ಹಾಕಸಬಾರದು. ಅಷ್ಟು ಮಾತು ನೀವು ತಗೋರಿ ಸಿಸ್ಟರಮ್ಮ. ನನಗ ಮಾತಾಡಾಕ ಬರಂಗಿಲ್ಲ."

ಮಾತಾಡಲು ಅವಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೂ ನಾನು ಫೋನು ಮಾಡಿ ಮ್ಯಾನೇಜರಿಗೆ ಬಿಡಿಸಿ ಹೇಳಿದೆ. ಅವರು ಒಂದು ಗಳಿಗೆಯೂ ತಡೆಯದೆ ಒಪ್ಪಿಕೊಂಡರು. "ಛೇ ಛೇ, ನಿಮ್ಮ ಮಂದಿ ಬರೀ ತಗೊಳ್ಳೋದ್ರಿ. ಸನ್ಮಾನ ಎಲ್ಲಾ ಸಾಹೇಬ್ರು ಮಾಡ್ತಾರ."

ಕಾರ್ಯಕ್ರಮದ ದಿನ ಮಧ್ಯಾಹ್ನ ಟೆಂಪೊ ಬಂತು. ಜೊತೆಗಾರ ಬರಲಿಲ್ಲ. "ನಾ ನಡ್ಯಾಂವ ಅದೀನಿ, ನನಗ್ಯಾಕ ಮಷೀನು? ಹೋಗಿ ಬರ್ರಿ. ಬಾಯಿ ಭದ್ರ ಇರ್ಲಿ," ಎಂದು ಗೆಳೆಯನ ಬೆನ್ನು ತಟ್ಟಿ ಹತ್ತಿಸಿದ. ಟೆಂಪೊದಲ್ಲಿ ಬೇರೆ ಊರಿನ ರೋಗಿಗಳೂ ಇದ್ದರು. ಸೇಡಂ ದಾರಿಯುದ್ದಕ್ಕೂ ಸಿಮೆಂಟಿನ ಲಾರಿಗಳ ಧೂಳು. ನಾನು ಎಲ್ಲರ ಮೂಗಿಗೂ ಹಸಿ ಬಟ್ಟೆ ಹಿಡಿಸಿದೆ.

ದೊಡ್ಡ ಕಲ್ಯಾಣ ಮಂಟಪ. ಒಳಗೆ ತಂಪು. ದುಂಡು ಮೇಜುಗಳಿಗೆ ಬಿಳಿ ಬಟ್ಟೆ, ಮೇಲೆ ಗೋಡಂಬಿ, ಹಣ್ಣಿನ ರಸ. ತೊಗರಿ ಮಿಲ್ಲಿನವರು, ಲಾರಿ ಮಾಲಕರು, ರಸ್ತೆ ಗುತ್ತಿಗೆದಾರರು, ಕಲ್ಲಿನ ವ್ಯಾಪಾರಿಗಳು. ಒಂದೊಂದು ಮೇಜಿಗೂ ಸಾಹೇಬರು ಹೋಗಿ ಸ್ವಲ್ಪ ಹೊತ್ತು ಕೂಡುತ್ತಿದ್ದರು. ರೋಗಿಗಳಿಗೆ ವೇದಿಕೆಯ ಪಕ್ಕದಲ್ಲಿ ಪರದೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿ. ಪರದೆಯ ಸಂದಿಯಿಂದ ಹತ್ತಿರದ ಮೇಜಿನ ಮಾತು ನನಗೆ ನಿಚ್ಚಳ ಕೇಳುತ್ತಿತ್ತು.

"ಸಾಹೇಬ್ರ, ನಂದೊಂದು ಫೈಲ್ ನಿಂತದ."

"ಇವತ್ತ ಬರೀ ಸೇವಾ. ಫೈಲ್ ನಾಳೆ ತಗೊಂಡು ಬರ್ರಿ," ಎಂದರು ಸಾಹೇಬರು. ಮೇಜಿಗೆ ಮೇಜೇ ನಕ್ಕಿತು.

ಅವರು ಎದ್ದು ಹೋದ ಮೇಲೆ ಅದೇ ಮನುಷ್ಯ ಪಕ್ಕದವನಿಗೆ ಹೇಳಿದ: "ಬೆಂಗಳೂರಾಗ ವಾರಗಟ್ಟಲೆ ಬಾಗಲಾ ಕಾದ್ರೂ ಐದು ನಿಮಿಷ ಸಿಗಂಗಿಲ್ಲ. ಇಲ್ಲಿ ಮಗ್ಗಲದಾಗ ಕುಂತು ಗೋಡಂಬಿ ತಿಂತಾರ. ಒಂದು ಮಷೀನ್ ಕೊಟ್ರ ಅಗ್ಗ ಆತಲ್ಲೋ!"

"ಯಾವ ರೋಗಕ್ಕಂತ?"

"ಎಂಥದೋ ಎದಿದು ಅಂತ."

ಸಾಹೇಬರು ಕೆಟ್ಟ ಮನುಷ್ಯರಂತೆ ಕಾಣಲಿಲ್ಲ. ಪರದೆಯ ಹಿಂದಕ್ಕೂ ಬಂದರು. ಒಬ್ಬೊಬ್ಬರ ಹೆಗಲ ಮೇಲೆ ಕೈಯಿಟ್ಟು ಯಾವ ಊರು, ಮಕ್ಕಳೆಷ್ಟು ಎಂದು ಕೇಳಿದರು. ನನಗೆ "ಸಿಸ್ಟರಮ್ಮ, ನಿಮ್ಮಂಥವರಿಂದ ಮಳಿ ಬೆಳಿ" ಎಂದರು. ಬೆನ್ನ ಹಿಂದೆಯೇ ಇದ್ದ ಫೋಟೊದವನು ಮೂರು ಸಲ ಮಿಂಚು ಹೊಡೆದ.

ಮಷೀನುಗಳನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ ರಿಬ್ಬನ್ ಕಟ್ಟಿದ್ದರು. ಭಾಷಣ ಶುರುವಾಯಿತು. ಒಬ್ಬರಾದ ಮೇಲೆ ಒಬ್ಬರು. ದಾನಿಗಳಿಗೆ ಸನ್ಮಾನ, ದಾನಿಗಳ ಹೆಂಡಂದಿರಿಗೆ ಸನ್ಮಾನ, ಮಂಟಪದ ಮಾಲಕರಿಗೆ ಸನ್ಮಾನ. ನಮ್ಮವನ ಬೆರಳಿಗೆ ಯಂತ್ರ ಸಿಗಿಸಿದೆ. ಎಪ್ಪತ್ತೊಂಬತ್ತು. ತುಟಿಯ ಬಣ್ಣ ತಿರುಗುತ್ತಿತ್ತು. ಮ್ಯಾನೇಜರನ್ನು ಹಿಡಿದು, "ಒಂದು ಮಷೀನ್ ಇಲ್ಲಿ ತಂದು ಹಚ್ರಿ. ಇವನಿಗಿ ಈಗ ಬೇಕಾಗ್ಯಾದ," ಎಂದೆ.

"ರಿಬ್ಬನ್ ಕತ್ತರಸೋದು ಇನ್ನಾ ಆಗಿಲ್ರಿ."

"ರಿಬ್ಬನ್ ಆಮ್ಯಾಲ ಮತ್ತ ಕಟ್ಟರಿ."

ಅವರು ವೈರಿನವನ ಕಡೆ ನೋಡಿದರು. ವೈರಿನವನು ಆಗದೆಂದು ತಲೆ ಅಲ್ಲಾಡಿಸಿದ. ಅಲ್ಲಿದ್ದ ಒಂದೇ ಪ್ಲಗ್ಗಿಗೆ ವೇದಿಕೆಯ ಹಿಂದಿನ ದೊಡ್ಡ ಟಿ.ವಿ. ಪರದೆ ಹಚ್ಚಿದೆ, ತೆಗೆದರೆ ಸಾಹೇಬರ ಮುಖ ಹೋಗುತ್ತದೆ. ವೇದಿಕೆಯ ತುಂಬ ಆಮ್ಲಜನಕದ ಯಂತ್ರಗಳು. ಅದರ ಮಗ್ಗುಲಲ್ಲಿ ಒಬ್ಬ ಮನುಷ್ಯ ಆಮ್ಲಜನಕವಿಲ್ಲದೆ ನೀಲಿಯಾಗುತ್ತಿದ್ದ. ಮೂವತ್ತಕ್ಕೂ ಹೆಚ್ಚು ವರ್ಷ ವಾರ್ಡುಗಳಲ್ಲಿ ಕಳೆದವಳು ನಾನು. ಸಿಲಿಂಡರು ಇಲ್ಲದೆ ಸತ್ತವರನ್ನು ನೋಡಿದ್ದೇನೆ. ಯಂತ್ರ ಎದುರಿಗಿಟ್ಟುಕೊಂಡು ಯಾರನ್ನೂ ಹೀಗೆ ಕೂಡಿಸಿದ್ದು ನೋಡಿರಲಿಲ್ಲ. ಬಾಗಿಲ ಹತ್ತಿರದ ಪ್ಲಗ್ಗಾದರೂ ಸಿಕ್ಕೀತೆಂದು ಎದ್ದೆ. ಅಷ್ಟರಲ್ಲಿ ಅವನನ್ನು ಕರೆದರು.

ಹೆಂಡತಿ ಒಂದು ಕಡೆ, ನಾನು ಒಂದು ಕಡೆ ಹಿಡಿದು ಮೆಟ್ಟಿಲು ಹತ್ತಿಸಿದೆವು. ಮಷೀನಿನ ಪಕ್ಕದ ಕುರ್ಚಿಯಲ್ಲಿ ಕೂಡಿಸಿದರು. ಒಬ್ಬರು ಬಂದು ಓಡದ ಮಷೀನಿನ ನಳಿಕೆ ತಂದು ಅವನ ಮೂಗಿಗೆ ಸಿಕ್ಕಿಸಿದರು. ಫೋಟೊ. ಚಪ್ಪಾಳೆ. ಸಾಹೇಬರು ಬಲಕ್ಕೆ, ಮಾಲಕ ಎಡಕ್ಕೆ. ಆಮೇಲೆ ಮೈಕಿನವನು ಹೇಳಿದ: "ಈಗ ಎಲ್ಲಾ ಫಲಾನುಭವಿಗಳ ಪರವಾಗಿ ಮಹಾದಾನಿಗಳಿಗೆ ಗೌರವ ಸಮರ್ಪಣೆ."

ತಟ್ಟೆ ಬಂತು. ಮೇಲೆ ಜರಿಯಂಚಿನ ಶಾಲು. ಮ್ಯಾನೇಜರೇ ಅದನ್ನು ಎತ್ತಿ ಅವನ ಎರಡೂ ಕೈಮೇಲೆ ಇಟ್ಟರು.

ನಾನು ಮ್ಯಾನೇಜರ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ.

ಅವನು ಶಾಲು ಹಿಡಿದುಕೊಂಡು ಕುಳಿತ. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಹೆಂಡತಿಯ ಕಡೆ ತಿರುಗಿದ. ಅವಳು ಆ ಮಷೀನನ್ನು ನೋಡುತ್ತಿದ್ದಳು. ಮಂಟಪದಲ್ಲಿ ಇದ್ದವರಿಗೆ ಇದು ಒಬ್ಬ ಬಡವ ನಾಚಿಕೊಂಡು ಕುಳಿತ ಹಾಗೆ ಕಂಡಿರಬೇಕು, ಯಾರೋ "ಹಾಕೋ ತಮ್ಮ" ಎಂದು ಕೂಗಿ ನಗಿಸಿದರು. ಮಾಲಕನಿಗೆ ಅರ್ಥವಾಗಿತ್ತು. ಅವನು ಒಂದು ಹೆಜ್ಜೆ ಮುಂದೆ ಬಂದು, ರೋಗಿ ಕೈ ಎತ್ತುವ ಕಷ್ಟ ಬೇಡವೆಂಬ ಹಾಗೆ, ಕುರ್ಚಿಯ ಮುಂದೆ ತಲೆ ಬಗ್ಗಿಸಿ ನಿಂತ. ಬಹಳ ವಿನಯದಿಂದ ನಿಂತ.

ಹೆಂಡತಿ ಒಮ್ಮೆ ಹೂಂ ಎಂಬಂತೆ ತಲೆಯಾಡಿಸಿದಳು.

ಅವನು ಶಾಲು ಹೊದಿಸಿದ.

ಮಾತಿಗೆ ತಪ್ಪದೆ ಮಷೀನನ್ನು ಅದೇ ಟೆಂಪೊದಲ್ಲಿ ಕಳಿಸಿದರು. ಮನೆಯಲ್ಲಿ ಹಚ್ಚಿದೆ. ಬುರುಬುರು ಸದ್ದು ಮಾಡಿತು. ಬೆಳಗಾಗುವಷ್ಟರಲ್ಲಿ ಅವನ ಬೆರಳು ತೊಂಬತ್ತೊಂದು ತೋರಿಸಿತು. ಎಷ್ಟೋ ತಿಂಗಳ ಮೇಲೆ ಒಂದು ಮಗ್ಗುಲಾಗಿ ಮಲಗಿದ. ಮಷೀನಿನ ಮೈಮೇಲೆ ಸಾಹೇಬರ ಮತ್ತು ಮಾಲಕನ ಫೋಟೊ ಇರುವ ಸ್ಟಿಕರು. ಹೆಂಡತಿ ಅದರ ಮೇಲೆ ಟವೆಲು ಮುಚ್ಚಿದಳು. ಬಿಸಿಯಾಗುತ್ತದೆ, ಮುಚ್ಚಬೇಡ ಎಂದು ನಾನೇ ತೆಗೆಸಬೇಕಾಯಿತು.

ಎರಡು ದಿನಕ್ಕೆ ಪೇಪರಿನಲ್ಲಿ ಫೋಟೊ ಬಂತು. ಮಷೀನು ಮೂಲೆಗೆ ಹೋಗಿತ್ತು. ನಡುವೆ ಇದ್ದದ್ದು ಶಾಲು. ಜೊತೆಗಾರ ಪೇಪರು ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದ. ನಾನು ಅಲ್ಲೇ ಇದ್ದೆ.

"ಭಾಳ ಛಂದ ಬಂದದ ಫೋಟೊ," ಎಂದ. "ಲಗ್ನದಾಗ ಬೀಗರಿಗಿ ಹಾಕಿದಂಗ ಹಾಕೀದಿ. ಬೀಗತನ ಯಾವಾಗ ಆತಪ್ಪ?"

ಇವನು ಮೂಗಿನ ನಳಿಕೆ ಸರಿಮಾಡಿಕೊಂಡ. ಉತ್ತರ ಕೊಟ್ಟವಳು ಹೆಂಡತಿ. "ಅಣ್ಣಾ, ಇವ ಹಾಕಿಲ್ಲ. ನಾ ಹಾಕಸೀನಿ. ಬೈಯೋದಿದ್ರ ನನಗ ಬೈ."

"ನಿನಗೇನು ಬೈಲಿ ತಂಗಿ? ನಿನಗ ಮಷೀನ್ ಬಂತು. ನನ್ನ ಎದಿ ಯಾರ ಸ್ಟೇಜಿಗಿ ಒಯ್ಯಲಿ?"

"ಅರ್ಜಿ ಅರ್ಜಿ ಅದ. ಶಾಲು ಶಾಲು ಅದ."

"ಹೌದಾ? ಊರಾಗ ಹೋಗಿ ಹೇಳು," ಎಂದು ಪೇಪರನ್ನು ಮಂಚದ ಮೇಲಿಟ್ಟು ಹೋದ.

ಅವಳು ಹೇಳಿದ್ದು ಕಾನೂನಿನ ಪ್ರಕಾರ ಸರಿ. ಆದರೆ ಊರಿನ ಲೆಕ್ಕದಲ್ಲಿ ಜೊತೆಗಾರನದೇ ಸರಿ. ಅವರಿಬ್ಬರ ಪರವಾಗಿ ಸಾಕ್ಷಿ ಹೇಳುತ್ತೇವೆಂದಿದ್ದ ಕಲ್ಲಿನವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಯಾರಿಗೋ ಹೆದರಿ ಸರಿದದ್ದಲ್ಲ. ದೂರು ಕೊಟ್ಟವನೇ ಶಾಲು ಹೊದಿಸಿದ ಮೇಲೆ ನಾವ್ಯಾಕೆ ಕೆಟ್ಟವರಾಗೋದು ಅಂದರು. ಅದು ಅವರ ಮಟ್ಟಿಗೆ ಮರ್ಯಾದೆಯ ಮಾತು. ವಿಚಾರಣೆಯ ದಿನ ನಾನು ಜೊತೆಗಾರನೊಂದಿಗೆ ಹೋದೆ. ಮಾಲಕನ ವಕೀಲರು ಅದೇ ಪೇಪರನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ಅದನ್ನು ನೋಡಿ, ನಮ್ಮನ್ನು ನೋಡಿ, "ಸೌಹಾರ್ದದಿಂದ ಮುಗಿದಿದೆಯಲ್ಲ. ಸಾಕ್ಷಿಗಳೂ ಇಲ್ಲ," ಎಂದರು. ಅವರ ದನಿಯಲ್ಲಿ ನಿರಾಳವಿತ್ತು. ಅರ್ಜಿ ಅಲ್ಲಿಗೆ ಕೂತಿತು. ಗರಗಸಕ್ಕೆ ನೀರಿನ ಪೈಪು ಬರಲಿಲ್ಲ.

ನಾನು ಸುಮ್ಮನಿರುವವಳಲ್ಲ. ಸಾಹೇಬರು ಚಿತ್ತಾಪುರದಲ್ಲಿ ಜನರ ಅಹವಾಲು ಕೇಳುವ ದಿನ ಬಸ್ಸು ಹತ್ತಿ ಹೋಗಿ ಸಾಲಿನಲ್ಲಿ ಕುಳಿತೆ. ನನ್ನ ಸರದಿ ಬಂದಾಗ ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಚಹಾ ತರಿಸಿದರು.

"ಸಿಸ್ಟರಮ್ಮ, ನೀವು ಓದಿದವ್ರು. ಒಂದು ಮಾತು ಹೇಳ್ರಿ. ಆ ಅರ್ಜಿಯಿಂದ ಅವನಿಗಿ ಮಷೀನ್ ಬರ್ತಿತ್ತೇನು, ಅವ ಬದುಕಿರೋ ಮಟ?"

"ಹೇಳಾಕ ಬರಂಗಿಲ್ರಿ."

"ನನ್ನಿಂದ ಬಂತೋ ಇಲ್ಲೋ?"

"ಬಂತ್ರಿ."

"ಇದ್ದವ್ರಿಗಿ ನನ್ನ ಹಂತ್ಯಾಕ ಬರೋದು ಬೇಕು. ಅವ್ರು ಹ್ಯಾಂಗಿದ್ರೂ ಬರ್ತಾರ. ಬರೋ ದಾರ್ಯಾಗ ನಾ ಒಂದು ಹುಂಡಿ ಇಟ್ಟೀನಿ. ಅದರಾಗಿಂದು ಇಲ್ಲದವ್ರಿಗಿ ಕೊಡ್ತೀನಿ. ಇದರಾಗ ತಪ್ಪೇನದ?"

"ಹುಂಡಿ ತಪ್ಪಲ್ರಿ ಸಾಹೇಬ್ರ. ಶಾಲು ಅವನ ಕೈಲಿ ಯಾಕ ಹಾಕಸಿದ್ರಿ? ಬ್ಯಾರೆ ಇಷ್ಟು ಮಂದಿ ಪೇಷಂಟ್ ಇದ್ರು. ಮಾತು ಕೊಟ್ಟಿದ್ರಿ."

ಅವರು ಕಪ್ಪಿನ ಕಿವಿ ಹಿಡಿದು ತಿರುಗಿಸಿದರು. ಸುಳ್ಳು ಹೇಳಬಹುದಿತ್ತು. ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟರೋ, ಇಲ್ಲ ನನ್ನಿಂದ ಏನೂ ಆಗದೆಂದು ತಿಳಿದರೋ, ನಿಜ ಹೇಳಿದರು.

"ಅವನ ಕೈಲಿ ಹಾಕಸ್ತೀವಿ ಅಂದಿದ್ದಕ್ಕ ಅವ್ರು ಮಹಾದಾನಿ ಆಗ್ಯಾರ. ಇಲ್ಲಂದ್ರ ಅಷ್ಟು ಮಷೀನ್ ಎಲ್ಲಿಂದ ತರ್ಲಿ? ಒಬ್ಬನ ಅರ್ಜಿ ಹೋತು. ಎಷ್ಟು ಮನ್ಯಾಗ ಹವಾ ಬಂತು ನೋಡ್ರಿ."

ಬಸ್ಸಿನಲ್ಲಿ ಬರುವಾಗ ಅದಕ್ಕೊಂದು ಉತ್ತರ ಹುಡುಕಿದೆ. ಹವೆಯನ್ನು ಕೆಡಿಸಿದವನಿಂದ ಹವೆಯನ್ನು ಕೊಡಿಸಿ, ಕೆಡಿಸುವ ಕೆಲಸ ನಿಲ್ಲದ ಹಾಗೆ ನೋಡಿಕೊಂಡರೆ ನಾಳೆ ಇನ್ನಷ್ಟು ಮಷೀನು ಬೇಕಾಗುತ್ತವೆ. ಇನ್ನಷ್ಟು ಮಹಾದಾನಿಗಳು, ಇನ್ನಷ್ಟು ದುಂಡು ಮೇಜು. ಇದನ್ನು ಅಲ್ಲೇ ಹೇಳಬೇಕಿತ್ತು ಅನ್ನಿಸುತ್ತದೆ. ಹೇಳಿದ್ದರೂ ಅವರು ಒಪ್ಪಿ ತಲೆಯಾಡಿಸಿ, ಮುಂದಿನವರನ್ನು ಕರೆಯುತ್ತಿದ್ದರು.

ಅವನು ಆ ಮಷೀನಿನ ಜೊತೆ ಒಂದು ಬೇಸಿಗೆ ಕಳೆದ. ಜೋಕು ಕಡಿಮೆಯಾಗಿತ್ತು. ಜೊತೆಗಾರ ಬರುತ್ತಾನೇನೋ ಎಂದು ಸಂಜೆ ಬಾಗಿಲ ಕಡೆ ನೋಡುತ್ತಿದ್ದ. ಅವನು ಬರಲಿಲ್ಲ. ಮಳೆ ಹಿಡಿದ ಮೇಲೆ ಕಫ ಕಟ್ಟಿತು. ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಮಷೀನು ಓಡುತ್ತಲೇ ಇತ್ತು. ಹೆಂಡತಿ ಅದನ್ನು ನಿಲ್ಲಿಸುವುದು ಹೇಗೆಂದು ಮರೆತು ಅದರ ಮುಂದೆ ಕುಳಿತಿದ್ದಳು. ನಾನು ಬಟನ್ನು ಒತ್ತಿದೆ.

ಮಣ್ಣಿಗೆ ಜೊತೆಗಾರ ಬಂದ. ದೂರ ನಿಂತು, ಎಲ್ಲರೂ ಹೋದ ಮೇಲೆ ಒಂದು ಹಿಡಿ ಮಣ್ಣು ಹಾಕಿದ. ಅಷ್ಟು ಹೊತ್ತು ನಿಂತಿದ್ದಕ್ಕೇ ಅವನು ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದ. ಮರುದಿನ ನಾನೇ ಅವನ ಮನೆಗೆ ಹೋಗಿ ಬೆರಳಿಗೆ ಯಂತ್ರ ಹಾಕಿದೆ. ಎಂಬತ್ತನಾಲ್ಕು. ಕಲಬುರಗಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅದೇ ಚೀಟಿ ಬರೆದುಕೊಟ್ಟರು.

ಇಷ್ಟರಲ್ಲಿ ಮ್ಯಾನೇಜರು ಟೆಂಪೊ ತಂದರು. ಮಷೀನು ಪ್ರತಿಷ್ಠಾನದ್ದು, ರೋಗಿ ಇರುವ ತನಕ ಮಾತ್ರ ಮನೆಯಲ್ಲಿ ಇಡುವುದು, ಇದು ಮೊದಲೇ ಹೇಳಿದ ಮಾತು. ತಕರಾರು ಯಾರಿಗೂ ಇರಲಿಲ್ಲ. ಹೆಂಡತಿ ಮಷೀನನ್ನು ಒರೆಸಿ ಬಾಗಿಲಿಗೆ ತಂದಿಟ್ಟು ಹೇಳಿದಳು:

"ಸಾರ್, ಮಗ್ಗಲ ಓಣ್ಯಾಗ ಇವರ ಜೋಡಿ ದುಡಿದಾಂವ ಅದಾನ. ಅವಂಗೂ ಬರೆದುಕೊಟ್ಟಾರ. ಟೆಂಪೊ ಬ್ಯಾಡ. ನಾ ಮತ್ತ ಸಿಸ್ಟರಮ್ಮ ಹಿಡ್ಕೊಂಡು ಹೋಗಿ ಇಟ್ಟು ಬರ್ತೀವಿ."

"ಹಂಗ ಬರಂಗಿಲ್ಲ ತಂಗಿ."

"ಯಾಕ ಬರಂಗಿಲ್ಲ? ಚೀಟಿ ಅದ, ಸಿಸ್ಟರಮ್ಮ ಅದಾರ, ಮಷೀನ್ ಇಲ್ಲೇ ಅದ."

"ಚಿಂಚೋಳ್ಯಾಗ ಕಾರ್ಯಕ್ರಮ ಅದ. ಅಲ್ಲಿ ದಾನಿಗಳು ಬ್ಯಾರೆ. ಇದನ್ನ ಸರ್ವಿಸ್ ಮಾಡ್ಸಿ, ಸ್ಟಿಕರ್ ಬದಲಿ ಮಾಡಿ ಅಲ್ಲಿ ಕೊಡ್ತೀವಿ. ಅವನ ಹೆಸರೂ ಹಾಕೋಣ. ಅಲ್ಲೇ ಕೊಡಸೋಣ."

"ಇದೇ ಮಷೀನಾ?"

"ಇದೇ ಆಗಬಹುದು. ಬ್ಯಾರೆನೂ ಆಗಬಹುದು."

"ಅಲ್ಲೀತನ ಅವ ಏನು ಮಾಡಬೇಕ್ರಿ?"

ಮ್ಯಾನೇಜರು ನನ್ನ ಕಡೆ ನೋಡಿದರು, ಇದಕ್ಕೆ ನೀವೇ ಉತ್ತರ ಹೇಳಿ ಅನ್ನುವ ಹಾಗೆ. ಅಷ್ಟರಲ್ಲಿ ಸುದ್ದಿ ತಿಳಿದು ಜೊತೆಗಾರನೇ ಬಂದಿದ್ದ. ಅಷ್ಟು ದೂರ ನಡೆದದ್ದಕ್ಕೆ ಕಟ್ಟೆಯ ಮೇಲೆ ಕುಸಿದು ಕುಳಿತ. ಪೇಪರು ತಂದು ಮಂಚದ ಮೇಲೆ ಇಟ್ಟು ಹೋದ ಮನುಷ್ಯ. ಈಗ ಮ್ಯಾನೇಜರಿಗೆ ಕೈಮುಗಿದ. ಆಮೇಲೆ ನನಗೆ ಹೇಳಿದ:

"ಹೆಸರು ಮೊದಲಿಗಿ ಬರಸ್ರಿ ಸಿಸ್ಟರಮ್ಮ. ಹಿಂದ ಬಿದ್ರ ಮಷೀನ್ ತೀರ್ತಾವ."

ನಾನು ಅವನ ಹೆಸರು ಹೇಳಿದೆ. ವಯಸ್ಸು ಕೇಳಿದರು, ಹೇಳಿದೆ. ಏನು ಕೆಲಸ ಮಾಡುತ್ತಿದ್ದ, ಯಾರ ಹತ್ತಿರ ಎಂದು ಕೇಳಿದರು. ಅದನ್ನೂ ಹೇಳಿದೆ. ಹೇಳದಿದ್ದರೆ ಅವನ ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಯಾರು ಶಾಲು ಹೊದಿಸಿದರೆ ಯಾವ ದಾನಿ ಎಷ್ಟು ಕೈ ಬಿಚ್ಚುತ್ತಾನೆ ಎಂದು ಅವರು ಬರೆದುಕೊಳ್ಳುವಾಗಲೇ ಲೆಕ್ಕ ಹಾಕುತ್ತಿದ್ದರೋ ಏನೋ. ಮಷೀನನ್ನು ಟೆಂಪೊಗೆ ಏರಿಸಿ ಹಗ್ಗ ಬಿಗಿದರು.

ಚಿಂಚೋಳಿಯ ಕಾರ್ಯಕ್ರಮಕ್ಕೆ ಸಾಹೇಬರ ದಿನ ಇನ್ನೂ ಸಿಕ್ಕಿಲ್ಲ. ಎರಡು ಸಲ ಮುಂದೆ ಹೋಗಿದೆ. ಫೋನು ಮಾಡಿದರೆ ಮ್ಯಾನೇಜರು ಈ ವಾರ, ಬರುವ ವಾರ ಅನ್ನುತ್ತಾರೆ.

ನಿನ್ನೆ ಜೊತೆಗಾರನ ಮನೆಗೆ ಹೋದಾಗ ಎಪ್ಪತ್ತೆಂಟು ಇತ್ತು. ಅವನ ಹೆಂಡತಿ ಒಂದು ಬಿಳಿ ಅಂಗಿ ಒಗೆದು, ಇಸ್ತ್ರಿ ಮಾಡಿಸಿ, ಮೊಳೆಗೆ ತೂಗುಹಾಕಿದ್ದಾಳೆ. ಯಾವಾಗ ಕರೆದರೂ ತಯಾರಿರಬೇಕಲ್ಲ ಎಂದಳು.